ಎಂಜಿನ್ನಿನ ಮೇಲಿನ ಹಸಿರು

ನಮ್ಮ ತೋಟದ ಜೀಪಿಗೆ ವಯಸ್ಸಾಗಿದೆ. ನಾನು ತೋಟದ ಉಸ್ತುವಾರಿ ವಹಿಸಿಕೊಳ್ಳುವ ಹೊತ್ತಿಗೇ ಅದು ಬಾಳೂರಿನ ಗುಡ್ಡ ಹತ್ತಿಳಿದು ಸವೆದಿತ್ತು. ಡ್ರೈವರ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಹದಿನೆಂಟು ವರ್ಷ ಆ ಗಾಡಿಯನ್ನು ಅವನೊಬ್ಬನೇ ಓಡಿಸಿದ್ದ. ಅವನಿಗೆ ಮಾತು ಕಮ್ಮಿ, ನನಗೆ ಜಾಸ್ತಿ. ಸಿಟ್ಟೂ ಜಾಸ್ತಿಯೇ. ಈ ತೋಟದಲ್ಲಿ ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಅದು ಮಳೆಗಾಲಕ್ಕೆ ಮುಂಚಿನ ದಿನಗಳು. ಕಾಫಿ ಗಿಡಗಳಿಗೆ ಬೋರ್ಡೋ ಹೊಡೆಸುತ್ತಿದ್ದೆವು. ಮೈಲುತುತ್ತ, ಸುಣ್ಣ ಕಲಸಿದ ಆ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿ ಜೀಪಿನಲ್ಲೇ ಮೇಲಿನ ತಾಕುಗಳಿಗೆ ಒಯ್ಯಬೇಕು. ಅಲ್ಲಿ ಗಾಡಿ ತಣ್ಣಗಾಗಲೆಂದು ಬಾನೆಟ್ ಎತ್ತಿ ನಿಲ್ಲಿಸುತ್ತಾರೆ. ಪಕ್ಕದಲ್ಲೇ ಸ್ಪ್ರೇ ನಡೆಯುತ್ತಿರುತ್ತದೆ. ಗಾಳಿಗೆ ಹಾರಿದ ಹನಿ ಗಿಡದ ಮೇಲೂ ಬೀಳುತ್ತದೆ, ಜನರ ಮೇಲೂ ಬೀಳುತ್ತದೆ, ಎಂಜಿನ್ನಿನ ಮೇಲೂ ಬೀಳುತ್ತದೆ. ಗ್ರೀಸಿನ ಮೇಲೆ ಒಣಗಿದರೆ ಅದು ಹಸಿರಾಗಿಯೇ ಕಾಣುತ್ತದೆ. ಜೂನ್ ಬರುವಷ್ಟರಲ್ಲಿ ಜೀಪಿನ ಒಳಗೂ ಹೊರಗೂ ಆ ಬಣ್ಣ ಹಿಡಿದಿರುತ್ತದೆ.

ಆ ವಾರ ಜೀಪು ಏರಿನಲ್ಲಿ ಎರಡು ಸಲ ಹೀಟ್ ಆಗಿ ನಿಂತಿತು. ನೀರು ನೋಡಿಲ್ಲ ಎಂದು ಬೈದೆ. ನೋಡಿದ್ದೇನೆ ಎಂದ. ಮಾರನೆಯ ದಿನ ನನ್ನನ್ನು ಕರೆದು, ಬಗ್ಗಿ, ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪಿನ ಕಡೆ ಬೆರಳು ತೋರಿಸಿದ.

"ಅಮ್ಮ, ಇಲ್ಲೆಲ್ಲೋ ಸೋರ್ತಾ ಉಂಟು. ನೋಡಿ, ಹಸಿರು ಕಾಣ್ತದೆ."

ನಾವು ರೇಡಿಯೇಟರಿಗೆ ಹಾಕುತ್ತಿದ್ದ ಕೂಲೆಂಟ್ ಕೂಡ ಹಸಿರೇ. ಅಷ್ಟು ನನಗೂ ಗೊತ್ತಿತ್ತು. ಆದರೆ ನಾನು ಬಗ್ಗಿ ನೋಡಲಿಲ್ಲ.

"ಮೈಲುತುತ್ತ ಯಾವ್ದು, ಕೂಲೆಂಟ್ ಯಾವ್ದು ಅಂತ ಗೊತ್ತಾಗಲ್ವಾ ಮಾರಾಯ ನಿಂಗೆ? ಇಡೀ ಗಾಡಿಗೇ ಬಳ್ದಿಟ್ಟಿದ್ದೀಯ. ಮೊದ್ಲು ತೊಳಿ, ಆಮೇಲೆ ಸೋರೋ ಮಾತು," ಎಂದೆ.

ಮೂರನೆಯ ಸಲ ಕೆಟ್ಟಾಗ ಹಿಂದೆ ಎಂಟು ಜನ ಕೂತಿದ್ದರು. ಹಬೆ ಎದ್ದದ್ದು ನೋಡಿ ಹೆಂಗಸರು ಹೆದರಿ ಹಾರಿದರು. ಒಬ್ಬಳ ಮೊಣಕಾಲು ತರಚಿತು.

ನಮ್ಮಲ್ಲಿ ಬೆಳಿಗ್ಗೆ ಕಣದ ಮೂಲೆಯಲ್ಲಿ ಮಸ್ಟರ್ ನಡೆಯುತ್ತದೆ. ಮೇಸ್ತ್ರಿ ಹಾಜರಿ ಕೂಗಿ ಯಾರಿಗೆ ಯಾವ ಕೆಲಸ ಎಂದು ಹೇಳುತ್ತಾನೆ. ಅಲ್ಲಿ ಹೇಳಿದ್ದು ಮಧ್ಯಾಹ್ನದೊಳಗೆ ಸುತ್ತಲಿನ ತೋಟಗಳಿಗೆಲ್ಲ ಗೊತ್ತಾಗುತ್ತದೆ. ಮಾರನೆಯ ದಿನ ನಾನು ಅಲ್ಲಿಗೇ ಹೋಗಿ ನಿಂತೆ. ಮೂವತ್ತು ಜನ ಇದ್ದರು. ಅವನ ಹೆಂಡತಿಯೂ ಸಾಲಿನಲ್ಲಿದ್ದಳು.

"ಇವತ್ತಿಂದ ನೀನು ಗಾಡಿ ಮುಟ್ಟೋದು ಬೇಡ. ಸ್ಪ್ರೇಗೆ ಹೋಗು."

"ನೀರು ಹಾಕಿದ್ದೆ ಅಮ್ಮ."

"ಹಾಕಿದ್ರೆ ಎಲ್ಲಿ ಹೋಯ್ತು? ನೀನು ಕುಡಿದ್ಯಾ?"

ಒಂದಿಬ್ಬರು ನಕ್ಕರು. ಅವನು ಕೀಲಿಯನ್ನು ಕಣದ ಕಟ್ಟೆಯ ಮೇಲಿಟ್ಟು ಸ್ಪ್ರೇ ಮಾಡುವವರ ಸಾಲಿಗೆ ಹೋಗಿ ನಿಂತ.

ನೀರು ನೋಡದೆ ಎಂಜಿನ್ ಸುಡುವ ಡ್ರೈವರ್ ಎಂಬ ಹೆಸರು ಬಂದರೆ ಈ ಗುಡ್ಡಗಳಲ್ಲಿ ಯಾವ ತೋಟದವರೂ ಕೀಲಿ ಕೊಡುವುದಿಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅದೂ ನನಗೆ ತಿಳಿದೇ ಇತ್ತು.

ಮೂರು ದಿನ ನಾನೇ ಜೀಪು ಓಡಿಸಿದೆ. ದಿನಾ ಬೆಳಿಗ್ಗೆ ಕೂಲೆಂಟ್ ಬೆರೆಸಿದ ನೀರನ್ನು ರೇಡಿಯೇಟರಿನ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, ಎರಡು ಸಲ ನೋಡಿ ಹೊರಡುತ್ತಿದ್ದೆ. ಮೂರನೆಯ ದಿನ ಅದೇ ಏರಿನಲ್ಲಿ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಇಳಿದು ರಸ್ತೆ ಬದಿಯಲ್ಲಿ ನಿಂತೆ. ನಾಚಿಕೆ ಆಯಿತು ಎಂದರೆ ಸುಳ್ಳಾದೀತು. ಮೊದಲು ಸಿಟ್ಟೇ ಬಂತು, ಜೀಪಿನ ಮೇಲೆ. ನಾಚಿಕೆ ಬರಲು ಅರ್ಧ ಗಂಟೆ ಹಿಡಿಯಿತು. ಗಾಡಿ ತಣ್ಣಗಾಗುವವರೆಗೆ ಅಲ್ಲಿ ಮಾಡಲು ಬೇರೇನೂ ಇರಲಿಲ್ಲ.

ಗೋಣಿಬೀಡಿನ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಎಂಜಿನ್ ಬಂದ್ ಮಾಡಿ ಅಡಿಗೆ ರಟ್ಟು ಹಾಸಿ ಒಂದು ಗಂಟೆ ಬಿಟ್ಟ. ಒಂದು ಹನಿಯೂ ಬೀಳಲಿಲ್ಲ. ಟಾರ್ಚ್ ಹಿಡಿದು ಒಳಗೆಲ್ಲ ನೋಡಿದ.

"ಎಲ್ಲಿ ನೋಡಿದ್ರೂ ಔಷಧಿ ಕಲೆನೇ ಅಮ್ಮ. ಇದ್ರೊಳಗೆ ಸೋರಿದ್ದು ಯಾವ್ದು ಅಂತ ಹುಡುಕೋದು? ನಿಮ್ಮ ಡ್ರೈವರ್ ಎಲ್ಲಿ? ದಿನಾ ನೋಡೋರಿಗೆ ಗೊತ್ತಿರ್ತದೆ."

ತೊಳೆದು ತರುತ್ತೇನೆ ಎಂದಷ್ಟೇ ಹೇಳಿ ಮನೆಗೆ ಬಂದೆ.

ಬೋರ್ಡೋ ಕಲೆ ಬರಿ ನೀರಿಗೆ ಹೋಗುವುದಿಲ್ಲ. ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಉಳಿದ ಹಸಿರಿಗೆ ಹುಣಸೆಹಣ್ಣು ಕಿವುಚಿ ಹಚ್ಚಿ, ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ತಿಕ್ಕಿದೆ. ಭಾನುವಾರದ ಮಧ್ಯಾಹ್ನ ಅದರಲ್ಲೇ ಮುಗಿಯಿತು. ಕೆಲಸದವರ ಲೈನ್ ಮನೆಗಳ ಕಡೆಯಿಂದ ಬಂದವರು ನಿಂತು ನೋಡಿ ಹೋದರು. ಹದಿನೆಂಟು ವರ್ಷ ಇದನ್ನು ತಿಕ್ಕಿದವನು ಸ್ಪ್ರೇ ಸಾಲಿನಲ್ಲಿದ್ದಾನೆ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಸೋಮವಾರ ಗ್ಯಾರೇಜಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟು ಇಬ್ಬರೂ ಬಗ್ಗಿ ನೋಡುತ್ತಾ ಕೂತೆವು. ಇಪ್ಪತ್ತು ನಿಮಿಷ ಏನೂ ಇಲ್ಲ. ಪೂರ್ತಿ ಬಿಸಿಯಾದ ಮೇಲೆ ಕೆಳಗಿನ ಪೈಪಿನ ಕ್ಲಿಪ್ಪಿನ ಅಡಿಯಿಂದ ಒಂದು ಹಸಿರು ಹನಿ ಮೂಡಿತು. ದಪ್ಪಗಾಯಿತು, ಜಾರಿತು. ಹಿಂದೆಯೇ ಇನ್ನೊಂದು. ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಕ್ಲಿಪ್ ಬಿಚ್ಚಿದ. ವರ್ಷಾನುಗಟ್ಟಲೆ ಬಿಗಿದ ಜಾಗದಲ್ಲಿ ರಬ್ಬರ್ ಸೀಳಿತ್ತು. ತಣ್ಣಗಿದ್ದಾಗ ಸೀಳು ಮುಚ್ಚಿಕೊಳ್ಳುತ್ತದೆ, ಒಳಗೆ ಒತ್ತಡ ಏರಿದರೆ ಬಿಟ್ಟುಕೊಳ್ಳುತ್ತದೆ. ಹೊಸ ಪೈಪು, ಎರಡು ಹೊಸ ಕ್ಲಿಪ್. ಅರ್ಧ ಗಂಟೆಯ ಕೆಲಸ. ವಾಪಸ್ ಬರುವಾಗ ಏರಿನಲ್ಲಿ ಮುಳ್ಳು ಅಲುಗಾಡಲಿಲ್ಲ.

ಹನಿ ಮೂಡಿದ್ದು ಅವನು ಬೆರಳು ತೋರಿಸಿದ ಜಾಗದಲ್ಲೇ.

ಆ ಸಂಜೆ ಮೇಸ್ತ್ರಿಯ ಕೈಯಲ್ಲಿ ಕೀಲಿ ಕೊಟ್ಟು ಅವನಿಗೆ ತಲುಪಿಸು ಎಂದೆ. ಗಾಡಿ ಸರಿಯಾಗಿದೆ, ನಾಳೆಯಿಂದ ಬರಲಿ ಎಂದು ಹೇಳಿಕಳಿಸಿದೆ. ಮೇಸ್ತ್ರಿ ಹತ್ತು ನಿಮಿಷದಲ್ಲಿ ಕೀಲಿ ಹಿಡಿದುಕೊಂಡು ವಾಪಸ್ ಬಂದ. ನೆಲ ನೋಡಿಕೊಂಡೇ ಮಾತಾಡಿದ.

"ಬೇಡ ಅಂತೆ ಅಮ್ಮ. ಮಸ್ಟರ್‌ನಲ್ಲಿ ಹೋಗಿದ್ದು ಮನೆ ಬಾಗ್ಲಲ್ಲಿ ವಾಪಸ್ ಬರಲ್ಲ ಅಂತ ಹೇಳಿದ್ರು."

ಎಷ್ಟು ಸೊಕ್ಕು ನೋಡು ಎಂದು ಬಾಯಿಗೆ ಬಂತು. ಮೇಸ್ತ್ರಿ ಹೋಗುವವರೆಗೆ ಹೇಗೋ ತಡೆದುಕೊಂಡೆ. ಎರಡು ದಿನ ಜೀಪು ಶೆಡ್ಡಿನಲ್ಲೇ ನಿಂತಿತು. ಡ್ರಮ್ಮುಗಳನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಕಷ್ಟವಲ್ಲ ಎಂದು ನಾನು ನಂಬಿಕೊಂಡಿದ್ದೆ. ಮೂವತ್ತು ಜನರ ಮುಂದೆ ಒಪ್ಪಿಕೊಳ್ಳುವುದು ಬೇರೆಯೇ ಎಂದು ಆಗ ಗೊತ್ತಾಯಿತು.

ಮೂರನೆಯ ಬೆಳಿಗ್ಗೆ ಹಾಜರಿ ಮುಗಿಯುವ ಮೊದಲೇ ಕೀಲಿ ಹಿಡಿದು ಕಣಕ್ಕೆ ಹೋದೆ. ಹೇಳಿದ್ದು ನಾಲ್ಕೇ ಮಾತು.

"ಪೈಪು ಒಡೆದಿತ್ತು. ಇವರು ನೀರು ಹಾಕಿದ್ದು ನಿಜ. ಸೋರ್ತಿದೆ ಅಂತ ಜಾಗನೂ ತೋರಿಸಿದ್ರು, ನಾನು ನೋಡ್ಲಿಲ್ಲ. ತಪ್ಪು ನನ್ನದು."

ಅವನನ್ನು "ಇವರು" ಎಂದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ತಿರುಗಿದಳು. ಅವನು ಬಂದು ಕೀಲಿ ತೆಗೆದುಕೊಂಡ. ನನಗೆ ಹಗುರವಾಯಿತು, ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲೆ ಅವನು ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು, ನನ್ನನ್ನು ಕರೆದ.

"ನೋಡಿ ಅಮ್ಮ."

"ಬೇಡ ಮಾರಾಯ, ನೀನು ನೋಡಿದ್ರೆ ಸಾಕು."

ಅವನು ಕದಲಲಿಲ್ಲ. ಹೋಗಿ ನೋಡಿದೆ. ನೀರು ಕತ್ತಿನವರೆಗೆ ಇತ್ತು. ಅವನು ಮುಚ್ಚಳ ಹಾಕಿ ಗಾಡಿ ಸ್ಟಾರ್ಟ್ ಮಾಡಿದ.

ಇದಾಗಿ ಎರಡು ವರ್ಷ. ಆ ಪೈಪು ಇವತ್ತಿಗೂ ಸೋರಿಲ್ಲ. ಆದರೆ ದಿನಾ ಬೆಳಿಗ್ಗೆ ನಾನು ಬಂದು ನೋಡುವವರೆಗೆ ಅವನು ಮುಚ್ಚಳ ಹಾಕುವುದಿಲ್ಲ.