ಹಿಮ್ಮಡಿ ನೆಲ ಮುಟ್ಟಿದ ಬೇಸಿಗೆ

ನನ್ನ ಮಗಳು ಚಿಕ್ಕವಳಿದ್ದಾಗ ತುದಿಗಾಲಲ್ಲೇ ನಡೆಯುತ್ತಿದ್ದಳು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕಾಲಿನ ಮೀನಖಂಡ ಬಿಗಿದುಕೊಂಡಿತ್ತು. ಗೋಡೆ ಬಿಟ್ಟರೆ ಮುಗ್ಗರಿಸುವಳು. ನಮ್ಮೂರು ಯಗಟಿಯಿಂದ ಕಡೂರಿಗೆ ಬಸ್ಸು, ಅಲ್ಲಿಂದ ಶಿವಮೊಗ್ಗದ ಆಸ್ಪತ್ರೆಗೆ ರೈಲು. ಅವಳನ್ನು ಸೊಂಟದ ಮೇಲೆ ಹೊತ್ತು ಓಡಾಡಿದ್ದು ಈಗಲೂ ಮೈಗೆ ನೆನಪಿದೆ. ತರೀಕೆರೆ ಸ್ಟೇಷನ್ ಬಂತೆಂದರೆ ಅವಳಿಗೆ ಕಡ್ಲೆಕಾಯಿ ಬೇಕೇ ಬೇಕು.

ಡಾಕ್ಟರಮ್ಮ ಬೊಟುಲಿನಮ್ ಇಂಜೆಕ್ಷನ್ ಕೊಡೋಣ ಅಂದರು. "ಮೂಲದಲ್ಲಿ ಇದು ವಿಷಾನೇ. ಮಗು ತೂಕ ನೋಡಿ ತೀರಾ ಸ್ವಲ್ಪ ಕೊಡ್ತೀವಿ. ಬಿಗಿ ಕೆಲವು ತಿಂಗಳು ಸಡಿಲ ಆಗುತ್ತೆ, ಅಷ್ಟರಲ್ಲಿ ದಿನಾ ವ್ಯಾಯಾಮ ಮಾಡಿಸ್ಬೇಕು. ಪೂರ್ತಿ ವಾಸಿ ಆಗುತ್ತೆ ಅಂತ ಹೇಳಲ್ಲ."

"ಮಗೀಗೆ ವಿಷ ಚುಚ್ಚುಸ್ತೀಯೇನೇ?" ಎಂದು ಅತ್ತೆ ಆ ದಿನ ಊಟ ಬಿಟ್ಟರು. ನನಗೂ ಒಳಗೇ ದಿಗಿಲು. ನಮ್ಮ ಯಜಮಾನರು ಕುರಿಹಟ್ಟಿಯಲ್ಲಿ ಬಹಳ ಹೊತ್ತು ಕೂತಿದ್ದು ಬಂದು, "ಮಾಡ್ಸಣ. ಅವ್ಳು ಸ್ಕೂಲಿಗೆ ನಡ್ಕಂಡು ಹೋಗ್ಬೇಕು" ಅಂದರು. ಹೊರಡುವ ದಿನ ನೋಡಿದರೆ ಅತ್ತೆ ನಮಗಿಂತ ಮೊದಲೇ ಸೀರೆ ಉಟ್ಟು ನಿಂತಿದ್ದರು.

ಸೂಜಿ ಚುಚ್ಚುವಾಗ ಮಗು ಚೀರಿತು. ಅತ್ತೆ ಅದರ ಪಾದ ಹಿಡಿದುಕೊಂಡೇ ಇದ್ದರು. ಕೆಲವು ದಿನಕ್ಕೆ ಬಿಗಿ ಮೆತ್ತಗಾಯಿತು. ಆಮೇಲಿನ ಬೆಳಗುಗಳೆಲ್ಲ ಜಗಲಿಯ ಮೇಲೆ. ಅತ್ತೆ ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತುವರು, ನಾನು ಮಂಡಿ ಹಿಡಿಯುವೆ. ಅಳು ಬಂದಾಗ ಅತ್ತೆ, ಹಟ್ಟಿಯ ತುಂಟ ಟಗರು ಯಾರ ಮನೆ ಸೊಪ್ಪು ಮೇಯ್ತು ಅಂತ ಶುರು ಮಾಡುವರು. ಒಂದು ದಿನ ಅಂಗಳದಲ್ಲಿ ನಿಂತಿದ್ದವಳು, "ಅಜ್ಜೀ, ನೆಲ ತಣ್ಣಗೈತೆ" ಅಂದಳು. ಎರಡೂ ಹಿಮ್ಮಡಿ ನೆಲದ ಮೇಲಿದ್ದವು. ಅತ್ತೆ ಬಗ್ಗಿ, ಬೆರಳಿಂದ ಮುಟ್ಟಿ ನೋಡಿದರು.

ಮಳೆಗಾಲ ಕಳೆಯುವಷ್ಟರಲ್ಲಿ ಹಿಮ್ಮಡಿ ಮತ್ತೆ ಎದ್ದಿತು. ಡಾಕ್ಟರಮ್ಮ ಮೊದಲೇ ಹೇಳಿದ್ದರೂ ನನಗೆ ಅಳು ತಡೆಯಲಾಗಲಿಲ್ಲ. "ಇನ್ನೊಂದ್ಸಲ ಹಾಕ್ಸಣ ಕಣೇ" ಅಂದವರು ಅತ್ತೆಯೇ. ಹೀಗೇ ಇಂಜೆಕ್ಷನ್ನು, ಪ್ಲಾಸ್ಟರು, ಪಾದ ನೆಟ್ಟಗೆ ಹಿಡಿಯೋ ಪ್ಲಾಸ್ಟಿಕ್ ಪಟ್ಟಿ ಅಂತ ವರ್ಷಗಳು ಉರುಳಿದವು.

ಅತ್ತೆ ಈಗಿಲ್ಲ. ಮಗಳು ಪಟ್ಟಿಯ ಮೇಲೆ ಬೂಟು ಹಾಕಿಕೊಂಡು ಕಡೂರಿನ ಕಾಲೇಜಿಗೆ ಬಸ್ಸಲ್ಲಿ ಹೋಗಿಬರುತ್ತಾಳೆ. ದಣಿದಾಗ ಈಗಲೂ ತುದಿಗಾಲೇ. ಬೆಳಗ್ಗೆ ವ್ಯಾಯಾಮಕ್ಕೆ ನಾನು ಹತ್ತಿರ ಹೋದರೆ, "ನೀ ಬಿಡಮ್ಮ, ನಾನೇ ಮಾಡ್ಕಂತೀನಿ" ಅನ್ನುತ್ತಾಳೆ. ಸರಿ ಅಂತ ಒಲೆ ಮುಂದೆ ಬಂದು ನಿಲ್ಲುತ್ತೇನೆ. ಆ ಪುಟ್ಟ ಮಂಡಿ ಹಿಡಿದು ಕೂರಬೇಕು ಅಂತ ಕೈ ಬಯಸುತ್ತದೆ.