ಖಾಲಿ ಕುರ್ಚಿಗೆ ತಲೆಯಾಡಿಸಿದವರು

ನಮ್ಮ ಭಾವನಷ್ಟು ಚೆನ್ನಾಗಿ ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವವರು ದೇಶದಲ್ಲೇ ಇಲ್ಲ ಎಂದು ಜನ ಹೇಳುತ್ತಾರೆ. ಹೇಳಲಿ ಬಿಡಿ. ಅವರು ಕೇಳಿಸಿಕೊಳ್ಳುವುದನ್ನು ಇಷ್ಟು ವರ್ಷ ಕ್ಯಾಮೆರಾದಲ್ಲಿ ಹಿಡಿದವನು ನಾನು. ಅವರ ಹೆಂಡತಿಯ ತಮ್ಮ ಎಂಬ ಒಂದೇ ಅರ್ಹತೆಯ ಮೇಲೆ, ಅವರು ವರದಿಗಾರರಾಗಿದ್ದ ಸುದ್ದಿ ಚಾನೆಲ್ಲಿಗೆ ಸೇರಿದವನು, ಹಾಗಾಗಿ ಬಹಳ ಕಾಲ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ನನ್ನ ಕೈಲಾಗದು.

ವಿಷಯ ಇಷ್ಟೇ. ಸುದ್ದಿಯವರಿಗೆ ಒಂದು ಸಂದರ್ಶನಕ್ಕೆ ಒಂದೇ ಕ್ಯಾಮೆರಾ. ಅದು ಮಾತಾಡುವವರ ಮುಖದ ಮೇಲಿರುತ್ತದೆ. ಅವರು ಮಾತು ಮುಗಿಸಿ ಎದ್ದುಹೋದ ಮೇಲೆ ಕ್ಯಾಮೆರಾ ಈ ಕಡೆ ತಿರುಗಿಸಿ, ವರದಿಗಾರ ಖಾಲಿ ಕುರ್ಚಿಯನ್ನು ನೋಡುತ್ತ ತಲೆಯಾಡಿಸುವುದನ್ನು ತೆಗೆಯುತ್ತೇವೆ. ಎರಡನ್ನೂ ಅಂಟಿಸಿದರೆ ಎದುರಿಗೆ ಕೂತು ಕೇಳಿದ ಹಾಗೆಯೇ ಕಾಣುತ್ತದೆ. ಎಲ್ಲರೂ ಮಾಡುವ ಕೆಲಸ, ಇದರಲ್ಲಿ ಮೋಸವೇನಿಲ್ಲ. ಆದರೆ ಉಳಿದವರು ಹೇಗೋ ನಾಲ್ಕು ಸಲ ತಲೆಯಾಡಿಸಿ ಎದ್ದರೆ, ಭಾವ ಅದನ್ನೊಂದು ವಿದ್ಯೆ ಮಾಡಿಕೊಂಡರು. ಮಂತ್ರಿಗಳಿಗೆ ಒಂದು ಬಗೆ, ಕೆಲಸ ಕಳೆದುಕೊಂಡವರಿಗೆ ಒಂದು ಬಗೆ. ಮಗ ತೀರಿಕೊಂಡ ತಾಯಿಗಾದರೆ ಮೊದಲು ರೆಪ್ಪೆ ಇಳಿಯಬೇಕು, ಆಮೇಲೆ ಗದ್ದ. ಆ ತಾಯಿ ನಿಜವಾಗಿ ಎದುರಿಗೆ ಕೂತು ಅಳುತ್ತಿದ್ದಾಗ ಇವರು ಮುಂದಿನ ಪ್ರಶ್ನೆ ಜೋಡಿಸಿಕೊಳ್ಳುತ್ತಲೋ, ಲೈಟು ಸರಿಮಾಡೆಂದು ನನಗೆ ಕಣ್ಸನ್ನೆ ಮಾಡುತ್ತಲೋ ಇರುತ್ತಿದ್ದರು. ಕುರ್ಚಿ ಖಾಲಿಯಾದ ಮೇಲೆ ಮಾತ್ರ ಕರುಣೆ ಉಕ್ಕಿ ಬರುತ್ತಿತ್ತು.

ಚಾನೆಲ್ಲಿಗೆ ಹೊಸ ಮುಖ್ಯಸ್ಥರು ಬಂದು, ಸುದ್ದಿಗೆ ಕರುಣೆ ಸಾಕು, ವೇಗ ಬೇಕು ಎಂದರು. ಭಾವ ರಾಜೀನಾಮೆಯನ್ನು ಮುಖದ ಮೇಲೆ ಬಿಸಾಕಿ ಬಂದರು. ಬಿಸಾಕಿದ್ದು ಎನ್ನುವುದು ಅವರ ಮಾತು. ಅವರ ಮೇಜು ಖಾಲಿ ಮಾಡಿ ರಟ್ಟಿನ ಪೆಟ್ಟಿಗೆ ಹೊತ್ತು ತಂದವನು ನಾನು, ಯಾರು ಯಾರನ್ನು ಬಿಸಾಕಿದ್ದು ಎಂದು ನನಗೆ ಗೊತ್ತು. ಮನೆಯ ಹಿಂದಿನ ಕೋಣೆ ಎಡಿಟಿಂಗ್ ರೂಮಾಯಿತು. ಗಡ್ಡ ಬಂತು. ಹೆಗಲಿಗೆ ಜೋಲು ಚೀಲ ಬಂತು. ಚಾನೆಲ್ ಬಿಟ್ಟು ಕ್ಯಾಮೆರಾ ಹಿಡಿಯಲು ನಾನೂ ಬಂದೆ.

"ಇನ್ಮೇಲೆ ನಾನು ಪತ್ರಕರ್ತ ಅಲ್ಲಯ್ಯ, ಸಾಕ್ಷ್ಯಚಿತ್ರ ಮಾಡೋನು. ಜನರ ದನಿಗೆ ಕಿವಿಯಾಗ್ತೀನಿ" ಎಂದರು.

ಅಕ್ಕ ಅಡುಗೆಮನೆಯಿಂದಲೇ, "ಮೊದಲು ಹಾಲಿಗೆ ಕಿವಿಯಾಗಿ. ಉಕ್ಕುತ್ತೆ, ಆಫ್ ಮಾಡಿ ಅಂತ ಆಗ್ಲೇ ಕೂಗಿದೀನಿ" ಎಂದಳು.

ಮುಚ್ಚಿಹೋದ ಕಾರ್ಖಾನೆಯೊಂದರ ಕಾರ್ಮಿಕರ ಮೇಲೆ ಮಾಡಿದ ಮೊದಲ ಚಿತ್ರಕ್ಕೇ ಬಹುಮಾನ ಬಂತು. ತೀರ್ಪುಗಾರರು ವಿಶೇಷವಾಗಿ ಮೆಚ್ಚಿಕೊಂಡದ್ದು ನಿರ್ದೇಶಕರು ಕೇಳಿಸಿಕೊಳ್ಳುವ ರೀತಿಯನ್ನು. ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಖಾಲಿ ಕುರ್ಚಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಅಕ್ಕನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ದಿನವಿಡೀ ಹೇಳುತ್ತಿದ್ದವಳು. ಜೀವಕ್ಕೆ ಅಪಾಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಮಾತು ಹೋಗುತ್ತದೆ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಭಾವನೂ ಅತ್ತರು, ಸುಳ್ಳು ಹೇಳಬಾರದು. ಕಣ್ಣೊರೆಸಿಕೊಂಡ ಮೇಲೆ, "ಅವಳ ಕೊನೇ ಮಾತುಗಳು. ನನ್ನ ಮುಂದಿನ ಚಿತ್ರ ಇದೇ" ಎಂದರು.

ಅಕ್ಕ ಒಪ್ಪಿದಳು. ನಿನಗೇನು ಬುದ್ಧಿ ಕೆಟ್ಟಿದೆಯಾ ಎಂದು ನಾನು ರೇಗಿದೆ. "ಕ್ಯಾಮೆರಾ ಇಟ್ರಾದ್ರೂ ನನ್ನ ಎದುರಿಗೆ ಒಂದು ಗಂಟೆ ಕೂರ್ತಾರಲ್ಲೋ. ಹೇಳೋದಿದೆ ಕಣೋ" ಎಂದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಡುಮನೆಯಲ್ಲಿ ಕುರ್ಚಿಗಳನ್ನು ಎದುರುಬದುರು ಹಾಕಿದೆವು. ಸದ್ದಾಗುತ್ತದೆಂದು ಫ್ಯಾನ್ ನಿಲ್ಲಿಸಿದ್ದರಿಂದ ಅಕ್ಕನ ಹಣೆಯಲ್ಲಿ ಬೆವರು. ನನ್ನ ಕಿವಿಯ ಹೆಡ್‌ಫೋನಿನಲ್ಲಿ ಅವಳ ಉಸಿರೂ ಕೇಳುತ್ತಿತ್ತು.

"ರೀ, ನನಗೆ ಬೇರೇನೂ ಬೇಡ" ಎಂದಳು. "ನೀರು ಬೇಕಂದ್ರೂ, ಉಸಿರು ಕಟ್ಟಿದ್ರೂ ಇನ್ಮೇಲೆ ನಾನು ಕೂಗೋಕಾಗಲ್ಲ. ನಿಮ್ಮನ್ನ ಹೇಗೆ ಕರೀಲಿ ಅಂತ ಯೋಚನೆ ಮಾಡಿದ್ರೆ ಕೈಕಾಲು ತಣ್ಣಗಾಗುತ್ತೆ. ಶೆಡ್ಡಲ್ಲಿ ನನ್ನ ಹಳೇ ಸೈಕಲ್ ಇದೆಯಲ್ಲ, ಅದರ ಬೆಲ್ ಬಿಚ್ಚಿ ಮಂಚಕ್ಕೆ ಹಾಕ್ಕೊಡಿ. ಬೆಲ್ ಹೊಡೆದ್ರೆ ಬನ್ನಿ. ಅಷ್ಟು ಮಾಡ್ತೀರಾ?"

ಭಾವ ಪಕ್ಕದ ಮಾನಿಟರ್ ನೋಡುತ್ತಿದ್ದರು. "ಚೆನ್ನಾಗಿ ಬಂತು" ಎಂದರು. "ಈಗ ನಾವಿಬ್ರೂ ಮೊದಲು ಭೇಟಿಯಾಗಿದ್ದು ಹೇಳು."

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಮೊದಲ ಭೇಟಿಯ ಕಥೆ ಹೇಳಿ ಮುಗಿಸಿ, ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು.

ನಾನು ಕ್ಯಾಮೆರಾ ತಿರುಗಿಸಿದೆ. ಅವಳು ಕೂತಿದ್ದ ಕುರ್ಚಿಯ ದಿಂಬು ಇನ್ನೂ ತಗ್ಗಾಗಿಯೇ ಇತ್ತು. ಭಾವ ಅದನ್ನು ನೋಡುತ್ತ ರೆಪ್ಪೆ ಇಳಿಸಿದರು, ಗದ್ದ ಇಳಿಸಿದರು, ಬೇಕಾದಷ್ಟೇ ಕಣ್ಣೀರು ತಂದುಕೊಂಡರು. ಅವರ ಜೀವಮಾನದಲ್ಲೇ ಅಂಥ ತಲೆಯಾಡಿಸುವಿಕೆ ಬಂದಿರಲಿಲ್ಲ. ನಡುವೆ ಒಳಗಿನಿಂದ, "ರೀ, ಈ ಬ್ಯಾಗಿನ ಜಿಪ್ ಸ್ವಲ್ಪ ಎಳೀರಿ, ಬರ್ತಿಲ್ಲ" ಎಂಬ ದನಿ ಬಂತು. ಭಾವ ಅಂಗೈ ಎತ್ತಿ, "ಶ್, ರೆಕಾರ್ಡಿಂಗ್" ಎಂದರು.

ಆಪರೇಷನ್ ಆಗಿ ಅಕ್ಕ ಮನೆಗೆ ಬಂದಳು. ಮಂಚಕ್ಕೆ ಬೆಲ್ ಇರಲಿಲ್ಲ. ಅವಳು ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದಳು. ನಾನೇ ಸ್ಪ್ಯಾನರ್ ತಂದು, ಬೆಲ್ ಬಿಚ್ಚಿ, ತುಕ್ಕು ಉಜ್ಜಿ, ಮಂಚದ ಪಟ್ಟಿಗೆ ಬಿಗಿದೆ. ಪಕ್ಕದ ಮನೆಯಲ್ಲೇ ಇರುವ ನಾನೋ ನನ್ನ ಹೆಂಡತಿಯೋ ಬೆಲ್ ಕೇಳಿದ ಕೂಡಲೇ ಓಡುತ್ತಿದ್ದೆವು. ಭಾವ ಮಾತ್ರ ಏಳುತ್ತಿರಲಿಲ್ಲ. ಅವರು ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಅಕ್ಕನ ದನಿ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಆ ಕೋಣೆಯಿಂದ ಎದ್ದುಬಿದ್ದು ಓಡಿಬಂದರು. "ಎಂಥ ಮಾತು ಹೇಳಿದಾಳಯ್ಯ ನಿಮ್ಮಕ್ಕ. ಸೈಕಲ್ ಬೆಲ್ಲಂತೆ. ಇದೇ ನಮ್ಮ ಕ್ಲೈಮ್ಯಾಕ್ಸ್. ಕ್ಯಾಮೆರಾ ತಗೋ, ಬೆಲ್ಲಿಂದೊಂದು ಶಾಟ್ ಬೇಕು."

ಶೆಡ್ಡಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಬೋಳಾಗಿತ್ತು. "ಯಾವ ಕಳ್ಳ ಬಿಚ್ಕೊಂಡು ಹೋದ?" ಎಂದು ಸಿಡುಕಿದರು.

"ಕಳ್ಳ ನಾನೇ. ಮಂಚಕ್ಕೆ ಹಾಕಿದೀನಿ. ಅವಳು ಬಂದಾಗಿಂದ ಹೊಡೀತಾನೇ ಇದಾಳೆ, ಭಾವ."

ಭಾವ ಮನೆಯ ಕಡೆ ತಿರುಗಿದರು. ಈಗಲಾದರೂ ಒಳಗೆ ಹೋಗುತ್ತಾರೆ ಎಂದುಕೊಂಡೆ, ನನ್ನ ಹುಚ್ಚು. "ಮಂಚದ ಮೇಲೇ ತೆಗೆದ್ರೆ ಇನ್ನೂ ಚೆನ್ನಾಗಿರುತ್ತಲ್ಲ?" ಎಂದರು. ನನಗೆ ಪಿತ್ತ ನೆತ್ತಿಗೇರಿತು. ನೀವೇ ತೆಗೆದುಕೊಳ್ಳಿ ಎಂದು ಕ್ಯಾಮೆರಾ ಕೊಟ್ಟು ಮನೆಗೆ ಬಂದೆ.

ಚಿತ್ರದ ಮೊದಲ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಅಕ್ಕನ ಸಲುವಾಗಿ ನಾನೂ ಹೋಗಿ, ವೇದಿಕೆಯ ಪಕ್ಕ ಕ್ಯಾಮೆರಾ ಹಿಡಿದು ನಿಂತಿದ್ದೆ. ಅಕ್ಕ ಕೊರಳಿಗೆ ಸ್ಕಾರ್ಫ್ ಸುತ್ತಿ ಮೊದಲ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿ ಭಾವನದು. ಅವರು ಬಾಗಿಲಲ್ಲಿ ಜನರ ಕೈಕುಲುಕುತ್ತಲೇ ಇದ್ದುದರಿಂದ ಅದು ಖಾಲಿಯಿತ್ತು. ಪರದೆಯ ಮೇಲೆ ಅಕ್ಕ ಬೆಲ್ ಹಾಕಿಕೊಡಿ ಎಂದಳು, ಅಷ್ಟು ಮಾಡ್ತೀರಾ ಎಂದಳು. ಅದಕ್ಕೆ ಅಂಟಿಕೊಂಡು ಭಾವನ ಮುಖ ಬಂತು: ರೆಪ್ಪೆ, ಗದ್ದ, ಕಣ್ಣೀರು. ಇಡೀ ಸಭೆ ಮೂಗೊರೆಸಿಕೊಂಡಿತು.

ಚಿತ್ರ ಮುಗಿದು ಭಾವ ವೇದಿಕೆ ಹತ್ತಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಎದ್ದು, "ಬೆಲ್ ಹಾಕ್ಕೊಟ್ರಾ ನೀವು?" ಎಂದು ಕೇಳಿದರು.

ಭಾವ ರೆಪ್ಪೆ ಇಳಿಸಿ, ಗದ್ದ ಇಳಿಸಿ, ತಲೆಯಾಡಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆಯ ನಡುವೆ ಟ್ರಿಣ್ ಎಂದಿತು. ಮನೆಯಿಂದ ಹೊರಡುವಾಗ ಅಕ್ಕ ನನ್ನ ಕೈಲಿ ಮಂಚದ ಬೆಲ್ ಬಿಚ್ಚಿಸಿಕೊಂಡು ಚೀಲದಲ್ಲಿ ತಂದಿದ್ದಳು. ಭಾವ ಅವಳ ಕಡೆ ನೋಡಿ ನಸುನಕ್ಕು ತಲೆಯಾಡಿಸಿದರು. ಟ್ರಿಣ್ ಟ್ರಿಣ್. ಮತ್ತೆ ತಲೆಯಾಡಿಸಿದರು. ಬೆಲ್ ನಿಲ್ಲಲಿಲ್ಲ. ಚಪ್ಪಾಳೆ ನಿಂತಿತು. ಬೆಲ್ ಹೊಡೆದರೆ ಬನ್ನಿ ಎಂದು ಅವಳು ಹೇಳಿದ್ದನ್ನು ಅಷ್ಟೂ ಜನ ಆಗತಾನೇ ಕೇಳಿದ್ದರು. ಈಗ ಅಷ್ಟೂ ಜನ ಭಾವನನ್ನೇ ನೋಡುತ್ತಿದ್ದರು. ಏನಾದರೂ ಮಾಡಯ್ಯ ಎಂಬಂತೆ ಭಾವ ನನ್ನತ್ತ ತಿರುಗಿದರು. ನಾನು ಕ್ಯಾಮೆರಾ ಆಫ್ ಮಾಡಿದೆ.

ಭಾವ ವೇದಿಕೆ ಇಳಿದು ಬಂದರು. ಅಕ್ಕ ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ ಅವರನ್ನು ಕೂರಿಸಿದಳು. ಅವರ ಕಡೆ ತಿರುಗಿ, ದನಿಯಿಲ್ಲದ ತುಟಿಯಲ್ಲಿ ಏನೋ ಹೇಳತೊಡಗಿದಳು. ನನಗೆ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಆದರೂ ಅಭ್ಯಾಸಬಲ, ಅವರ ತಲೆ ಆಡತೊಡಗಿತು.

ಅಕ್ಕ ಅವರ ಗದ್ದವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.