ಅಕ್ಕನ ಹುಬ್ಬಿನ ಎಳೆ

ನಮ್ಮ ಅಕ್ಕನ ಹುಬ್ಬಿನಲ್ಲಿ ಯಾವಾಗಲೂ ಉಲ್ಲನ್ನಿನ ಒಂದು ಎಳೆ ಸಿಕ್ಕಿಕೊಂಡಿರುತ್ತಿತ್ತು. ಒಂದು ದಿನ ಕೆಂಪು, ಒಂದು ದಿನ ಗಿಳಿಹಸಿರು. ನಗು ಬಂದರೆ ಅವಳು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿರಲಿಲ್ಲ. ಹೆಣಿಗೆಯ ಸಮೇತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆಗ ಮೆತ್ತಿಕೊಂಡ ಎಳೆ ಅದು. “ಅಕ್ಕಾ, ಹುಬ್ಬಿಗೆ ಏನೋ ಹತ್ತೇತಿ” ಎಂದರೆ, “ಇರಲಿ ಬಿಡೋ ತಮ್ಮಾ, ಬಿಳಿ ಹುಬ್ಬಿಗೆ ಬಣ್ಣ ಬಂತು” ಎಂದು ಮತ್ತೆ ನಗುತ್ತಿದ್ದಳು.

ಮಸ್ಕಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೇಲರ್ ಅಂಗಡಿ ಇತ್ತು. ಹೈಸ್ಕೂಲು ಮುಗಿಸಿ ಮಷೀನಿನ ಮುಂದೆ ಕೂತವನು ಕಣ್ಣು ಮಂಜಾಗುವವರೆಗೂ ಏಳಲಿಲ್ಲ. ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಅವಳಿಗೆ ಮಕ್ಕಳಾಗಲಿಲ್ಲ, ಭಾವನೂ ಬೇಗ ಹೋದ. ಅದೇ ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡು, ಕೈಗೂಸು ಮಗಳನ್ನು ಹೇಗೆ ಸಾಕಬೇಕೆಂದು ತಿಳಿಯದೆ ನಾನು ಕೂಸನ್ನು ಎತ್ತಿಕೊಂಡು ಲಿಂಗಸುಗೂರಿಗೆ ಹೋಗಿ ಅಕ್ಕನ ಮುಂದೆ ಕೂತೆ. ಅವಳು ಅವತ್ತೇ ಒಂದು ಟ್ರಂಕು, ಒಂದು ಗಂಟು ಉಲ್ಲನ್ ತೆಗೆದುಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಏನೋ ಹೆಣೆಯುತ್ತಲೇ ಇದ್ದಳು.

ಮಗಳು ಶಾಲೆಗೆ ಹೋಗುವಂತಾದ ಮೇಲೆ ಅಕ್ಕ ಹಗಲೆಲ್ಲ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಕೈಯಲ್ಲಿ ಕೊಕ್ಕೆ ಮೂತಿಯ ಕ್ರೋಷಾ ಕಡ್ಡಿ, ಮಡಿಲಲ್ಲಿ ಉಲ್ಲನ್. ಏನು ಹೆಣೆಯುತ್ತಿದ್ದೇನೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಗಿರಾಕಿಗಳು ಸುಮ್ಮನಿರಲಾರದೆ ಕೇಳುವರು, “ಏನು ಹೆಣಿಯಾಕತ್ತಿ ಯಕ್ಕಾ?”

“ಅದಕ್ಕ ಗೊತ್ತೈತಿ. ಮುಗುದ ಮ್ಯಾಲ ಅದನ್ನ ಕೇಳೂಣು.”

ಚೀಲವೆಂದು ಶುರುವಾದದ್ದು ಟೋಪಿಯಾಗುತ್ತಿತ್ತು. ಟೋಪಿ ಯಾರ ತಲೆಗೂ ಆಗದೆ ತಂಬಿಗೆಗೆ ಅಂಗಿಯಾಗುತ್ತಿತ್ತು. ನೂಲು ಮುಗಿದರೆ ಸಿಕ್ಕ ಬಣ್ಣದ ಇನ್ನೊಂದನ್ನು ಗಂಟು ಹಾಕಿ ಮುಂದುವರಿಸುವಳು. ಒಮ್ಮೆ ಎತ್ತಿನ ಕೋಡಿಗೆಂದು ಹೊರಟದ್ದೊಂದು ಉದ್ದಕ್ಕೂ ಆಗದೆ ಅಗಲಕ್ಕೂ ಆಗದೆ ನಿಂತುಬಿಟ್ಟಿತು. ಬಳಗಾನೂರು ಬಸ್ಸಿನ ಡ್ರೈವರ್ ಗುಂಡಿ ಹಚ್ಚಿಸಲು ಬಂದವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನಂತ ತಿಳೀವಲ್ದು ಬಿಡ ಯಕ್ಕಾ. ಖರೇ, ನನ್ನ ಗೇರಿಗೆ ಬರೋಬ್ಬರಿ ಕೂಡತೈತಿ” ಎಂದ.

“ಹಂಗಾದ್ರ ಅದು ಗೇರಿನ ಟೊಪ್ಪಿಗೀನ ಇತ್ತು. ನೀ ಬರೋ ಮಟ ಹೇಳಿರಲಿಲ್ಲ ನೋಡು!”

ಮುಖ ಮುಚ್ಚಿಕೊಂಡು ಅವಳು ನಕ್ಕ ನಗೆಗೆ ಎದುರಿನ ಚಹಾ ಅಂಗಡಿಯವನೂ ಹೊರಗೆ ಬಂದು ನಕ್ಕಿದ್ದ. ಆಮೇಲೆ ಬಹಳ ದಿನ ಆ ಬಸ್ಸು ನಮ್ಮ ಅಂಗಡಿಯ ಮುಂದೆ ಹಾಯುವಾಗ ಹಾರ್ನ್ ಹೊಡೆದೇ ಹೋಗುತ್ತಿತ್ತು.

ಆಗೆಲ್ಲ ನಾನೂ ನಗುತ್ತಿದ್ದೆ. ಆದರೆ ಒಳಗೊಳಗೆ ಒಂದು ಮುಜುಗರ ಇತ್ತು. ನಾನು ಅಳತೆಯ ಮನುಷ್ಯ. ಕಾಲರು ಒಂದು ನೂಲು ಎಡಕ್ಕೆ ಸರಿದರೂ ಬಿಚ್ಚಿ ಹೊಲಿಯುವವನು. ನನ್ನ ಅಂಗಡಿಯ ಕಟ್ಟೆಯ ಮೇಲೇ ಇಂಥ ಸೊಟ್ಟ ಸಾಮಾನು ಹುಟ್ಟುವುದು ನನಗೆ ಸರಿಬರುತ್ತಿರಲಿಲ್ಲ.

ಮಗಳನ್ನು ಸಿಂಧನೂರಿಗೆ ಕೊಟ್ಟೆವು. ಬೀಗರು ನೌಕರಿಯವರು, ಒಳ್ಳೆಯ ಜನ. ಚೊಚ್ಚಲ ಬಾಣಂತನಕ್ಕೆ ಮಗಳು ಮಸ್ಕಿಗೆ ಬಂದಳು, ಗಂಡುಮಗು ಹುಟ್ಟಿತು. ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ತಲೆಗೆ ತವರಿನ ಕುಲಾವಿ ಏರಬೇಕು. ಅಕ್ಕ ಅದನ್ನು ಮೊದಲೇ ಹೆಣೆದಿಟ್ಟಿದ್ದಳು. ಈ ಸಲ ಏನಾಗಬೇಕೆಂದು ಅವಳಿಗೆ ಗೊತ್ತಿತ್ತು. ಆದರೂ ಕಡ್ಡಿ ತನ್ನ ಚಟ ಬಿಟ್ಟಿರಲಿಲ್ಲ. ಒಂದು ಕಿವಿ ಗದ್ದದವರೆಗೆ ಇಳಿದಿತ್ತು, ಇನ್ನೊಂದು ಮೇಲೆಯೇ ನಿಂತಿತ್ತು. ನೆತ್ತಿಗೆ ಹುಂಜದ ಜುಟ್ಟಿನಂಥ ಕೆಂಪು ಗೊಂಡೆ, ಅದೂ ನಡುವೆ ಇರಲಿಲ್ಲ. ಅಂಗಡಿಗೆ ತಂದು ತನ್ನ ಮುಷ್ಟಿಗೆ ತೊಡಿಸಿ ಕುಣಿಸಿದಳು. “ನೋಡೋ ತಮ್ಮಾ, ಮೊಮ್ಮಗ ಹೆಂಗ ಕಿವಿ ನಿಗರಿಸ್ಯಾನ!”

ಗಿರಾಕಿಗಳಿದ್ದರು. ನಾನು ನಗಲಿಲ್ಲ. “ಅಕ್ಕಾ, ನಾ ಟೇಲರ್ ಅದೀನಿ. ನನ್ನ ಮನಿಯಿಂದ ಇಂಥಾದ್ದು ಹೋದ್ರ ಬೀಗರು ನಗಂಗಿಲ್ಲೇನು?”

“ನಗಲಿ ಬಿಡೋ. ನಗಲಿ ಅಂತನ ಮಾಡೀನಿ.”

“ನನ್ನ ಮರ್ಯಾದಿ ಹೋಗತೈತಿ. ಅಳತಿ ಅನ್ನೋದು ಒಂದು ಇರಬೇಕು.”

ಅಷ್ಟಕ್ಕೇ ಬಿಡಲಿಲ್ಲ. ಅವಳ ಮುಷ್ಟಿಯಿಂದ ಕುಲಾವಿ ತೆಗೆದುಕೊಂಡು, ಗೊಂಡೆ ಕತ್ತರಿಸಿ, ನೂಲಿನ ತುದಿ ಹಿಡಿದು ಎಳೆದೆ. ಸರಸರನೆ ಬಿಚ್ಚಿಕೊಂಡಿತು. ಅಕ್ಕ ತಡೆಯಲಿಲ್ಲ. ನೂಲು ಸಿಕ್ಕಾಗಬಾರದೆಂದು ಅವಳೇ ಅದನ್ನು ತನ್ನ ಕೈಗೆ ಸುತ್ತಿಕೊಳ್ಳುತ್ತಾ ಹೋದಳು. ನಾನು ಎಳೆಯುತ್ತಿದ್ದೆ, ಅವಳು ಸುತ್ತುತ್ತಿದ್ದಳು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಎರಡು ಕೈ ಕಾಣುತ್ತವೆ.

ಆಮೇಲೆ ಪೇಪರಿನಲ್ಲಿ ಕುಲಾವಿಯ ನಕ್ಷೆ ಕತ್ತರಿಸಿ ಕೊಟ್ಟೆ. ಅವಳು ಹೆಣೆದು ತಂದಾಗಲೆಲ್ಲ ಟೇಪು ಹಿಡಿದು ನೋಡಿ, “ಇಲ್ಲಿ ತಪ್ಪೇತಿ, ಬಿಚ್ಚು” ಎಂದೆ. ಕಡೆಗೆ ಪೇಟೆಯ ಮಾಲಿಗಿಂತ ಚೆಂದದ ಕುಲಾವಿ ಆಯಿತು.

ತೊಟ್ಟಿಲ ದಿನ ಬೀಗಿತಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. “ಯಕ್ಕಾ, ನೀವು ನಗಿಸೋ ಹಂಗ ಹೆಣೀತೀರಂತ ಸೊಸಿ ದಿನಾ ಹೇಳತಿದ್ಲು. ನಮ್ಮ ಮನಿಗೂ ಅಂಥಾದ್ದೊಂದು ಬರತೈತಿ ಅಂತ ಕಾದಿದ್ವಿ. ಇದು ಅಂಗಡಿದು ಇದ್ದಂಗ ಐತಲ್ರಿ!”

ಅಕ್ಕ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನಾನೋ ಅದನ್ನು ಹೊಗಳಿಕೆ ಎಂದುಕೊಂಡು ಎಲ್ಲರೆದುರು ಹಲ್ಲು ಬಿಟ್ಟು ನಿಂತಿದ್ದೆ.

ಅಕ್ಕ ಹೆಣೆಯುವುದನ್ನು ಬಿಟ್ಟಳು ಎಂದು ನೀವು ತಿಳಿಯಬಹುದು. ಬಿಟ್ಟಿದ್ದರೆ ನನಗೆ ಆಗಲೇ ಬುದ್ಧಿ ಬರುತ್ತಿತ್ತೇನೋ. ಅವಳು ಬಿಡಲಿಲ್ಲ. ಅದೇ ಕಟ್ಟೆಯ ಮೇಲೆ ಕೂತು ಹೆಣೆದಳು. ಆದರೆ ಕಡ್ಡಿ ಹಿಡಿಯುವ ಮೊದಲು ನನ್ನ ಕಡೆ ತಿರುಗಿ, “ಅಳತಿ ಹೇಳೋ ತಮ್ಮಾ” ಎನ್ನುತ್ತಿದ್ದಳು. ಮುಗಿದ ಮೇಲೆ ನನ್ನ ಮುಂದೆ ಹಿಡಿದು, “ಸರಿ ಐತೇನು?” ಎನ್ನುತ್ತಿದ್ದಳು. ಎಲ್ಲವೂ ಸರಿ ಇರುತ್ತಿದ್ದವು. ಬಾಗಿಲಿಗೆ ಹಾಕುವ ಉಲ್ಲನ್ ತೋರಣ ಬೇಕೆಂದು ಜವಳಗೇರಾದಿಂದಲೂ ಜನ ಬಂದರು. ನಮ್ಮಕ್ಕನ ಕೈಗೆ ಈಗ ಅಳತೆ ಸಿಕ್ಕಿತು ಎಂದು ನಾನು ಹೇಳಿಕೊಂಡು ತಿರುಗಿದೆ. ಅವಳ ಹುಬ್ಬು ಸ್ವಚ್ಛವಾಗಿರುತ್ತಿತ್ತು. ಅದನ್ನು ನಾನು ಗಮನಿಸಿದ್ದು ಎಷ್ಟೋ ವರ್ಷಗಳ ಮೇಲೆ, ಅವಳು ಉಬ್ಬಸದಿಂದ ಹಾಸಿಗೆ ಹಿಡಿದಾಗ. ಔಷಧ ಕುಡಿಸಲು ಮುಖದ ಹತ್ತಿರ ಬಾಗಿದೆ. ಅಲ್ಲಿ ಏನೋ ಇಲ್ಲ ಅನ್ನಿಸಿತು. ಏನು ಇಲ್ಲವೆಂದು ತಿಳಿದಾಗ ಚಮಚ ಕೆಳಗಿಟ್ಟು ಅವಳ ಹುಬ್ಬನ್ನು ಬೆರಳಿನಿಂದ ಸವರಿದೆ.

ಮರುದಿನ ಸಿಂಧನೂರಿಗೆ ಹೋಗಿ ಕಣ್ಣಿಗೆ ಹೊಡೆಯುವಂಥ ಬಣ್ಣಗಳನ್ನೇ ಆರಿಸಿ ಉಲ್ಲನ್ ತಂದು ಅವಳ ಮಡಿಲಿಗೆ ಹಾಕಿದೆ. ಅವಳು ಕೆಂಪು ಉಂಡೆಯನ್ನು ಸವರಿ ನೋಡಿದಳು. “ಯಾರಿಗೋ ಇದು? ಅಳತಿ ಎಷ್ಟು?”

“ಅಳತಿ ಬ್ಯಾಡಕ್ಕಾ. ಮದಲಿನಂಗ, ಕಡ್ಡಿ ಹೋದ ಕಡಿ ಹೋಗಲಿ.”

ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಕಡ್ಡಿ ಹಿಡಿದಳು, ಮೊದಲ ಕುಣಿಕೆಗಳ ಒಂದು ಸರಪಣಿ ಹೆಣೆದಳು, ನಿಲ್ಲಿಸಿದಳು. “ಈಗ ಅದು ತಾನ ಹೋಗಂಗಿಲ್ಲೋ ತಮ್ಮಾ. ನಿನ್ನ ಟೇಪು ತಾ.”

ತಪ್ಪಾಯಿತು ಎಂಬ ಮಾತು ಬಾಯಿಯವರೆಗೆ ಬಂತು. ಅಂದುಬಿಟ್ಟರೆ ಆ ಉಬ್ಬಸದಲ್ಲೂ ಅವಳೇ ನನ್ನನ್ನು ಸಮಾಧಾನ ಮಾಡಬೇಕಾದೀತು ಎಂದು ನುಂಗಿಕೊಂಡೆ. ಹಾಗೆಂದು ಜನರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ತಮ್ಮನಾಗಿ ತಲೆ ಬಾಗಿಸಲು ನಾಚಿಕೆಯಾಯಿತು. ಎದ್ದು ಹೋಗಿ ಟೇಪು ತಂದುಕೊಟ್ಟೆ.

ಆ ಸರಪಣಿ ಮುಂದುವರಿಯಲಿಲ್ಲ. ಅದೇ ವಾರ ಅಕ್ಕ ಹೋದಳು.

ಹೆಣ್ಣುಮಕ್ಕಳು ಮೈ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ಹಾರ ಹಾಕುವ ನೆಪದಲ್ಲಿ ಹತ್ತಿರ ಹೋಗಿ, ಕೆಂಪು ಉಂಡೆಯಿಂದ ಕಿತ್ತು ತಂದಿದ್ದ ಒಂದು ಎಳೆಯನ್ನು ಅವಳ ಹುಬ್ಬಿಗೆ ಸಿಗಿಸಿದೆ. ಒಂದು ಕ್ಷಣ ಅದು ನಮ್ಮಕ್ಕನ ಮುಖವೇ ಆಯಿತು.

ಪಕ್ಕದ ಮನೆಯ ಹೆಣ್ಣುಮಗಳು ಆರತಿ ಹಿಡಿದು ಬಂದವಳು, “ಅಯ್ಯ, ಹುಬ್ಬಿಗೆ ಏನೋ ಕಸ ಹತ್ತೇತಿ ನೋಡ್ರಿ” ಎಂದು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿ ತೆಗೆದಳು.

ಅದು ಕಸವಲ್ಲ ಎಂದು ನಾನು ಆಗಲೂ ಹೇಳಲಿಲ್ಲ.